ಉದ್ರಿಗೆ ಕೊಟ್ಟ ಪಗಾರ

(ಬೀದರ ಬಳಿಯ ಕೊಳಾರದಲ್ಲಿ ನೀಡಿದ ದತ್ತಿ ಉಪನ್ಯಾಸದ ಮುದ್ರಿತ ರೂಪ)



ಈ ದತ್ತಿಯ ಕರಾರಿನಲ್ಲಿ ಒಂದೇ ಒಂದು ಷರತ್ತಿದೆ. ಮಾತು ದುಡಿಮೆಯ ಬಗ್ಗೆ ಇರಬೇಕು. ನಾನು ಆಯ್ದುಕೊಂಡದ್ದು ವಿಮಾನದ ಪೈಲಟ್‌ಗಳ ಪಗಾರದ ಮಾತುಕತೆ, ಅದೂ ವ್ಯಾಪಾರ ಬಿದ್ದ ಕಾಲದ ಮಾತುಕತೆ. ಕರೆಯಲು ಬಂದ ಹುಡುಗರು ವಿಷಯ ಕೇಳಿ ಮುಖ ಮುಖ ನೋಡಿಕೊಂಡರು. ಒಬ್ಬನು ತಡೆಯಲಾರದೆ ಕೇಳಿಯೇ ಬಿಟ್ಟ: "ಸರ್, ನಮ್ಮದು ದಿನಗೂಲಿ ಲೆಕ್ಕ. ಅವರದು ಲಕ್ಷದ ಲೆಕ್ಕ. ಅವರ ಗೋಳು ತಗೊಂಡು ನಾವೇನ್ ಮಾಡೋಣು?"

ಆ ಪ್ರಶ್ನೆಗೇ ಇವತ್ತಿನ ಇಡೀ ಉಪನ್ಯಾಸ ಉತ್ತರ.

ನಮ್ಮ ಬೀದರಿನವರಿಗೆ ವಿಮಾನ ಹೊಸದಲ್ಲ. ಇಲ್ಲಿಯ ವಾಯುಪಡೆಯ ನೆಲೆಯಲ್ಲಿ ಕಲಿಯುವ ಹುಡುಗರು ಹಾಕ್ ವಿಮಾನ ಹಾರಿಸುವ ಸದ್ದಿಗೆ ನಮ್ಮ ಮಕ್ಕಳು ತೊಟ್ಟಿಲಲ್ಲೇ ಒಗ್ಗಿಕೊಳ್ಳುತ್ತಾರೆ. ದೇಶವೆಲ್ಲ ಕತ್ತೆತ್ತಿ ನೋಡುವ ಸೂರ್ಯಕಿರಣ ತಂಡ ಹುಟ್ಟಿದ್ದೂ 1996ರಲ್ಲಿ ಇದೇ ಊರಿನಲ್ಲಿ. ಆದರೆ ಟಿಕೆಟ್ ತೆಗೆದು ಹತ್ತುವ ವಿಮಾನ ನಮಗೆ ಬಂದದ್ದು 2020ರ ಫೆಬ್ರವರಿ 7ರಂದು. ಟ್ರೂಜೆಟ್ ಸಂಸ್ಥೆಯ ಎಟಿಆರ್ ವಿಮಾನ ಬೆಂಗಳೂರಿನಿಂದ ಬಂದು ಇಳಿಯಿತು. ರೈಲಿನಲ್ಲಿ ರಾತ್ರಿಯಿಡೀ ಕಳೆಯುವ ದಾರಿ ಎರಡು ತಾಸಿನೊಳಗೆ ಬಂತು. ಒಂದೂವರೆ ತಿಂಗಳಿಗೆ ಕೋವಿಡ್. ಮಾರ್ಚ್ 25ರಿಂದ ಎರಡು ತಿಂಗಳು ದೇಶದೊಳಗಿನ ಪ್ರಯಾಣಿಕ ವಿಮಾನಗಳೆಲ್ಲ ನೆಲ ಹಿಡಿದವು. ಆಮೇಲೆ ಕುಂಟುತ್ತ ನಡೆದ ಟ್ರೂಜೆಟ್ 2022ರ ಫೆಬ್ರವರಿಯಲ್ಲಿ ಪೂರ್ತಿ ನಿಂತಿತು. ಅದೇ ವರ್ಷ ಜೂನ್‌ನಲ್ಲಿ ಸ್ಟಾರ್ ಏರ್ ಬಂತು, 2023ರ ಕೊನೆಗೆ ಅದೂ ಬಿಟ್ಟಿತು, 2025ರ ಏಪ್ರಿಲ್‌ನಲ್ಲಿ ಮತ್ತೆ ಬಂತು. ಪ್ರತಿ ಸಲ ವಿಮಾನ ನಿಂತಾಗ ನಾವು ಮಾತಾಡಿದ್ದು ನಮ್ಮ ಅಡಚಣೆಯ ಬಗ್ಗೆ. ಹೈದರಾಬಾದಿಗೆ ಹೋಗಿ ಹತ್ತಬೇಕಾಯಿತಲ್ಲ ಅಂತ. ಆ ವಿಮಾನವನ್ನು ನಡೆಸುತ್ತಿದ್ದವರ ಪಗಾರ ಏನಾಯಿತು ಅಂತ ನಾವು ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ.

ಕರ್ನಾಟಕದ ಮಟ್ಟಿಗೆ ಈ ಪ್ರಶ್ನೆ ಬೀದಿಗೆ ಬಂದದ್ದು 2012ರಲ್ಲಿ. ಕಿಂಗ್‌ಫಿಷರ್ ಬೆಂಗಳೂರಿನ ಕಂಪನಿ. 2005ರ ಮೇ ತಿಂಗಳಲ್ಲಿ ಹಾರಾಟ ಶುರು ಮಾಡಿತು. ಗೊರೂರಿನ ಕ್ಯಾಪ್ಟನ್ ಗೋಪಿನಾಥ್ ಸಾಮಾನ್ಯರಿಗಾಗಿ ಕಟ್ಟಿದ ಏರ್ ಡೆಕ್ಕನ್ನನ್ನು ನುಂಗಿಕೊಂಡಿತು. ಒಂದು ವರ್ಷವೂ ಲಾಭ ಕಾಣಲಿಲ್ಲ. 2008ರಲ್ಲಿ ಇಂಧನದ ಬೆಲೆ ಮುಗಿಲು ಮುಟ್ಟಿ, ಹಿಂದೆಯೇ ಜಗತ್ತಿನ ಹಣಕಾಸು ಕುಸಿದಾಗ ಬಿದ್ದ ಪೆಟ್ಟಿನಿಂದ ಅದು ಏಳಲೇ ಇಲ್ಲ. 2012ರ ಹೊತ್ತಿಗೆ ಪಗಾರ ತಿಂಗಳುಗಟ್ಟಲೆ ಬಾಕಿ. ಪೈಲಟ್‌ಗಳು, ಎಂಜಿನಿಯರುಗಳು ಮತ್ತೆ ಮತ್ತೆ ಕೆಲಸ ನಿಲ್ಲಿಸಿದರು. ನೌಕರರ ಪಗಾರದಿಂದ ಹಿಡಿದುಕೊಂಡ ಆದಾಯ ತೆರಿಗೆಯನ್ನೂ ಸರ್ಕಾರಕ್ಕೆ ಕಟ್ಟಿರಲಿಲ್ಲ ಎಂಬುದು ಹೊರಬಿತ್ತು. ಅಕ್ಟೋಬರ್ 20ರಂದು ಹಾರಾಟದ ಪರವಾನಗಿಯನ್ನು ಅಮಾನತು ಮಾಡಲಾಯಿತು. ಅದಾಗಿ ಐದು ದಿನಕ್ಕೆ ನೌಕರರು ಕೆಲಸಕ್ಕೆ ಮರಳಲು ಒಪ್ಪಿದರು. ಯಾವ ಮಾತಿನ ಮೇಲೆ? ಏಳು ತಿಂಗಳ ಬಾಕಿಯಲ್ಲಿ ಮೂರು ತಿಂಗಳದ್ದನ್ನು ದೀಪಾವಳಿಯೊಳಗೆ ಕೊಡುತ್ತೇವೆ ಎಂಬ ಮಾತಿನ ಮೇಲೆ. ಆ ಕಂಪನಿ ಮತ್ತೆ ಹಾರಲಿಲ್ಲ.

ಇದನ್ನು ಓದಿದಾಗ ನನಗೆ ನೆನಪಾದದ್ದು ಮಾಲೀಕರ ಬಂಗಲೆಯಲ್ಲ, ಆ ನೌಕರರು. ಏಳು ತಿಂಗಳು ಪಗಾರವಿಲ್ಲದೆ ದುಡಿದವರು ಎಂದರೆ ಏಳು ತಿಂಗಳು ಕಂಪನಿಗೆ ಸಾಲ ಕೊಟ್ಟವರು. ಬ್ಯಾಂಕು ಸಾಲ ಕೊಡುವಾಗ ಅಡಮಾನ ಬರೆಸಿಕೊಳ್ಳುತ್ತದೆ, ಬಡ್ಡಿ ಹಾಕುತ್ತದೆ, ಜಾಮೀನು ಕೇಳುತ್ತದೆ. ಇವರು ಯಾವುದನ್ನೂ ಬರೆಸಿಕೊಳ್ಳಲಿಲ್ಲ. ನಮ್ಮ ಓಣಿಯ ಕಿರಾಣಿ ಅಂಗಡಿಯವನು ಕಾಲು ಕಿಲೋ ಬೆಲ್ಲ ಉದ್ರಿ ಕೊಟ್ಟರೂ ವಹಿಯಲ್ಲಿ ಬರೆದುಕೊಳ್ಳುತ್ತಾನೆ. ಪಗಾರವನ್ನು ಉದ್ರಿ ಕೊಡುವವರು ಮಾತ್ರ ಬರೆದುಕೊಳ್ಳುವುದಿಲ್ಲ.

ನಾನೂ ಬರೆಸಿಕೊಂಡಿರಲಿಲ್ಲ. ಆ ಮಾತು ಆಮೇಲೆ ಹೇಳುತ್ತೇನೆ.

ಮೊದಲು ಪೈಲಟ್‌ನ ಪಗಾರದ ಚೀಟಿಯನ್ನು ಬಿಡಿಸಿ ನೋಡೋಣ. ಅದರಲ್ಲಿ ಒಂದು ಭಾಗ ಖಾಯಂ. ಇನ್ನೊಂದು ಭಾಗ ಹಾರಿಸಿದ ತಾಸಿನ ಲೆಕ್ಕ. ಈ ತಾಸು ಎಲ್ಲಿಂದ ಎಲ್ಲಿಗೆ? ಏರಿಗೆ ನಿಂತ ಬಂಡಿ ಜಾರಬಾರದೆಂದು ಗಾಲಿಗೆ ಕಲ್ಲು ಕೊಡುತ್ತೇವಲ್ಲ, ಹಾಗೆ ನಿಂತ ವಿಮಾನದ ಗಾಲಿಗೆ ಎರಡೂ ಕಡೆ ಚಾಕ್ ಎಂಬ ಅಡೆ ಕೊಟ್ಟಿರುತ್ತಾರೆ. ಅದನ್ನು ತೆಗೆದು ವಿಮಾನ ಕದಲಿದಾಗ ಲೆಕ್ಕ ಶುರು. ಇಳಿದು, ನಿಂತು, ಮತ್ತೆ ಅಡೆ ಕೊಟ್ಟಾಗ ಲೆಕ್ಕ ಬಂದ್. ಪೈಲಟ್ ಬೆಳಗಿನ ಜಾವ ಮೂರಕ್ಕೆ ಎದ್ದದ್ದು, ಹವಾಮಾನದ ಕಾಗದ ಓದಿದ್ದು, ಮಂಜು ಕರಗಲೆಂದು ಎರಡು ತಾಸು ಕಾದದ್ದು, ಯಾವುದೂ ಆ ತಾಸಿನೊಳಗೆ ಬರುವುದಿಲ್ಲ. ಭಾಲ್ಕಿ ಕಡೆಯ ಕಬ್ಬು ಕಡಿಯುವ ಗ್ಯಾಂಗಿನವರಿಗೆ ಇದು ಹೇಳದೆಯೇ ತಿಳಿಯುತ್ತದೆ. ಅವರಿಗೆ ಟನ್ನಿನ ಲೆಕ್ಕ. ಲಾರಿ ಬರದೆ ಗದ್ದೆಯ ಬದುವಿನಲ್ಲಿ ಹೆಂಡತಿ ಮಕ್ಕಳೊಂದಿಗೆ ಕುಂತ ದಿನ ಯಾರ ವಹಿಯಲ್ಲೂ ಬರುವುದಿಲ್ಲ.

ಈ ಹೋಲಿಕೆ ಇಲ್ಲಿಗೇ ನಿಲ್ಲುವುದಿಲ್ಲ. ಗ್ಯಾಂಗಿನವರು ಹಂಗಾಮಿಗೆ ಮೊದಲು ಉಚಲ್, ಎಂದರೆ ಮುಂಗಡ, ತೆಗೆದುಕೊಳ್ಳುತ್ತಾರೆ, ಅದು ತೀರುವವರೆಗೆ ಬೇರೆ ಕಾರ್ಖಾನೆಗೆ ಹೋಗುವಂತಿಲ್ಲ. ಪೈಲಟ್ ಆಗಬಯಸುವ ಹುಡುಗ ಹಾರಾಟ ಕಲಿಯಲು ಹತ್ತಾರು ಲಕ್ಷ ಸಾಲ ಮಾಡುತ್ತಾನೆ. ಕೆಲಸ ಸಿಕ್ಕ ಮೇಲೆ ಆಯಾ ಜಾತಿಯ ವಿಮಾನದ ತರಬೇತಿಗೆಂದು ಕಂಪನಿ ಬಾಂಡ್ ಬರೆಸಿಕೊಳ್ಳುತ್ತದೆ. 2017ರಿಂದ ನಮ್ಮ ದೇಶದ ನಿಯಮವೇ ಹೀಗಿದೆ: ಕೆಲಸ ಬಿಡುವ ಸಹಪೈಲಟ್ 6 ತಿಂಗಳು ಮುಂಚೆ, ಕಮಾಂಡರ್ 12 ತಿಂಗಳು ಮುಂಚೆ ನೋಟಿಸು ಕೊಡಬೇಕು. ಇನ್ನೊಂದು ಕಟ್ಟೂ ಇದೆ. 90 ದಿನದೊಳಗೆ ಮೂರು ಸಲ ಏರಿಸಿ ಮೂರು ಸಲ ಇಳಿಸದ ಪೈಲಟ್ ಪ್ರಯಾಣಿಕರನ್ನು ಕರೆದೊಯ್ಯುವಂತಿಲ್ಲ. ಕಂಪನಿ ಮುಳುಗಿ ಮನೆಯಲ್ಲಿ ಕುಂತರೆ ಕೈಯ ಹದವೂ ಕಾಗದದ ಮೇಲಿನ ಅರ್ಹತೆಯೂ ಕೂಡಿಯೇ ಹೋಗುತ್ತವೆ. ಬಡಗಿ ಮೂರು ತಿಂಗಳು ಉಳಿ ಹಿಡಿಯದಿದ್ದರೂ ಬಡಗಿಯೇ. ಇವರಿಗೆ ಹಾಗಿಲ್ಲ. ಅದಕ್ಕೇ ಕೆಟ್ಟ ಕಾಲದಲ್ಲಿ ಲಕ್ಷ ಎಣಿಸುವವನೂ ಮಾಲೀಕ ಹಾಕಿದ ಗೆರೆ ದಾಟಲು ಅಂಜುತ್ತಾನೆ.

ಇನ್ನು ಖಾಯಂ ತಾಸಿನ, ಎಂದರೆ ಹಾರಿಸದಿದ್ದರೂ ಪಗಾರ ಸಿಗುವ ತಾಸಿನ ಮಾತು. ನನ್ನ ಮಟ್ಟಿಗೆ ಇಡೀ ಜಗಳದ ಗಂಟು ಇರುವುದು ಇಲ್ಲೇ. 2024ರ ಏಪ್ರಿಲ್ ಮೊದಲ ವಾರ ವಿಸ್ತಾರ ಸಂಸ್ಥೆಯ ನೂರಕ್ಕೂ ಹೆಚ್ಚು ವಿಮಾನಗಳು ರದ್ದಾದವು. ಆ ಸಂಸ್ಥೆ ಏರ್ ಇಂಡಿಯಾದೊಳಗೆ ವಿಲೀನವಾಗುವುದರಲ್ಲಿತ್ತು. ಅದಕ್ಕೆ ಮೊದಲು ಪೈಲಟ್‌ಗಳ ಮುಂದೆ ಹೊಸ ಕರಾರು ಇಟ್ಟರು. ಹಳೆಯ ಕರಾರಿನಲ್ಲಿ ತಿಂಗಳಿಗೆ 70 ತಾಸಿನ ಪಗಾರ ಖಾಯಂ ಇತ್ತು, ಹೊಸದರಲ್ಲಿ 40 ತಾಸು. ಪೈಲಟ್‌ಗಳು ಕಾಯಿಲೆ ಹೇಳಿ ಕೆಲಸಕ್ಕೆ ಬರಲಿಲ್ಲ.

ಎಪ್ಪತ್ತಕ್ಕೂ ನಲವತ್ತಕ್ಕೂ ಏನು ವ್ಯತ್ಯಾಸ? ಚೆನ್ನಾಗಿ ನಡೆಯುವ ತಿಂಗಳಲ್ಲಿ ಏನೂ ಇಲ್ಲ ಎನ್ನಬಹುದು, 75 ತಾಸು ಹಾರಿಸಿದವನಿಗೆ 75ರ ದುಡ್ಡು ಸಿಕ್ಕೇ ಸಿಗುತ್ತದೆ. ವ್ಯಾಪಾರ ಬಿದ್ದ ತಿಂಗಳು ನೋಡಿ. ಜನ ಟಿಕೆಟ್ ಕೊಳ್ಳಲಿಲ್ಲ, ಕಂಪನಿ ವಿಮಾನ ಕಡಿಮೆ ಮಾಡಿತು, ಪೈಲಟ್ 45 ತಾಸು ಹಾರಿಸಿದ. ಹಳೆಯ ಕರಾರಿನಲ್ಲಿ ಅವನಿಗೆ 70ರ ಪಗಾರ, ಉಳಿದ 25 ತಾಸಿನ ಭಾರ ಕಂಪನಿಯ ಹೆಗಲಿಗೆ. ಹೊಸದರಲ್ಲಿ ಅವನಿಗೆ 45ರ ಪಗಾರ, ಆ ಭಾರ ಅವನ ಮನೆಯ ಅಡುಗೆಮನೆಗೆ. ತಾಸಿನ ದರ ಒಂದು ಪೈಸೆ ಕಡಿಮೆಯಾಗಿಲ್ಲ. ಕೆಟ್ಟ ತಿಂಗಳನ್ನು ಹೊರುವವರು ಮಾತ್ರ ಬದಲಾದರು. ಪಗಾರದ ಕರಾರು ಎಂದರೆ ಬರೀ ದರವಲ್ಲ. ಬರಗಾಲ ಬಂದರೆ ಯಾರ ಮನೆಗೆ ಬರಬೇಕು ಎಂದು ಬರೆಯುವ ಕಾಗದ ಅದು. ಕೊಳಾರದ ತಮ್ಮಂದಿರೆ, ನಿಮ್ಮ ಗುತ್ತಿಗೆದಾರ "ಕೆಲಸ ಇದ್ದ ದಿನ ಬಾ" ಅನ್ನುತ್ತಾನಲ್ಲ, ಅದರ ಅರ್ಥವೂ ಇಷ್ಟೇ. ನಿಮಗೆ ಖಾಯಂ ತಾಸು ಸೊನ್ನೆ.

ಕೋವಿಡ್ ಕಾಲದಲ್ಲಿ ದೇಶದ ಅತಿ ದೊಡ್ಡ ವಿಮಾನ ಕಂಪನಿಯಾದ ಇಂಡಿಗೋ ಪೈಲಟ್‌ಗಳ ಪಗಾರವನ್ನು ಶೇಕಡಾ 30ರವರೆಗೆ ಕಡಿಯಿತು. 2022ರ ಏಪ್ರಿಲ್‌ನಲ್ಲಿ ಶೇಕಡಾ 8 ಏರಿಸಿ, ನವೆಂಬರಿಗೆ ಇನ್ನು ಆರೂವರೆ ಎಂದಿತು. ಅದೇ ಏಪ್ರಿಲ್‌ನಲ್ಲಿ ಮುಷ್ಕರಕ್ಕೆ ತಯಾರಿ ನಡೆಸಿದ ಕೆಲವು ಪೈಲಟ್‌ಗಳನ್ನು ಅಮಾನತು ಮಾಡಿತು. ಇಲ್ಲಿ ಒಂದು ಲೆಕ್ಕ ಹೇಳುತ್ತೇನೆ, ಬರೆದುಕೊಳ್ಳಿ. 100 ರೂಪಾಯಿ ಪಗಾರದಲ್ಲಿ ಶೇಕಡಾ 30 ಕಡಿದರೆ 70. ಆಮೇಲೆ "ಕಡಿದಷ್ಟನ್ನೇ ಏರಿಸಿದ್ದೇವೆ" ಎಂದು ಶೇಕಡಾ 30 ಏರಿಸಿದರೆ ಎಷ್ಟಾಗುತ್ತದೆ? ನೂರಲ್ಲ, 91. ಎಪ್ಪತ್ತರಿಂದ ನೂರಕ್ಕೆ ಮರಳಬೇಕಾದರೆ ಸುಮಾರು ಶೇಕಡಾ 43 ಏರಬೇಕು. ಇಳಿಯುವ ಮೆಟ್ಟಿಲು ಏರುವ ಮೆಟ್ಟಿಲಿಗಿಂತ ಕಿರಿದು. ಅಷ್ಟರೊಳಗೆ ಎಣ್ಣೆ, ಬೇಳೆ, ಶಾಲೆಯ ಫೀಸು ಏರಿದ್ದು ಬೇರೆ ಲೆಕ್ಕ.

ಈಗ ನನ್ನ ಮಾತು. ಮೂವತ್ತು ವರ್ಷದ ಹಿಂದೆ, ಕಾಲೇಜಿನಲ್ಲಿ ಪಾಠ ಹೇಳುವ ಮೊದಲು, ನಾನು ಒಂದು ಕಾರ್ಖಾನೆಯಲ್ಲಿ ಲೆಕ್ಕದ ಗುಮಾಸ್ತನಾಗಿದ್ದೆ. ಓದಿದವನೆಂದು ಸಂಘದ ಕಾರ್ಯದರ್ಶಿ ಮಾಡಿದ್ದರು. ಒಂದು ವರ್ಷ ಮಾಲು ಮಾರಾಟವಾಗಲಿಲ್ಲ. ಮ್ಯಾನೇಜರ್ ಸಾಹೇಬರು ನಮ್ಮನ್ನು ಒಳಗೆ ಕರೆದು, ಚಹಾ ತರಿಸಿ, ಕೈ ಹಿಡಿದುಕೊಂಡು ಮಾತಾಡಿದರು. ಎಲ್ಲರೂ ತಿಂಗಳಿಗೆ 150 ರೂಪಾಯಿ ಬಿಟ್ಟುಕೊಟ್ಟರೆ ಕಾರ್ಖಾನೆ ಉಳಿಯುತ್ತದೆ, ಒಳ್ಳೆಯ ದಿನ ಬಂದಮೇಲೆ ಕೊಟ್ಟುಬಿಡುತ್ತೇವೆ ಎಂದರು. ಅವರ ಕಣ್ಣಲ್ಲಿ ನೀರಿತ್ತು. ಆ ನೀರು ಸುಳ್ಳೆಂದು ಇವತ್ತಿಗೂ ನಾನು ಹೇಳುವುದಿಲ್ಲ. ನಾನು ಸಹಿ ಹಾಕಿದೆ. ಗೇಟಿನ ಹೊರಗೆ ನಿಂತು ಇನ್ನೂರು ಜನಕ್ಕೆ ನಾನೇ ತಿಳಿಸಿ ಹೇಳಿದೆ. ಒಬ್ಬ ಹಿರಿಯ ಫಿಟರ್, ಔರಾದ ಕಡೆಯವರು, ಓದು ಬಾರದವರು, ಕೇಳಿದರು: "ತಮ್ಮಾ, ಅದರೊಳಗ ತಾರೀಕು ಐತೇನು?" ನಾನು ಕಾಗದ ನೋಡಿದೆ. ಸಹಿ ಹಾಕಿದ ದಿನದ ತಾರೀಕಿತ್ತು. ಮರಳಿ ಕೊಡುವ ತಾರೀಕು ಇರಲಿಲ್ಲ.

ಮರುವರ್ಷ ಮಾಲು ಹೋಯಿತು. ಮ್ಯಾನೇಜರ್ ಬದಲಾದರು. ಹೊಸಬರಿಗೆ ಕಾರ್ಬನ್ ಪ್ರತಿ ತೋರಿಸಿದೆ. ಅವರು ಓದಿ, ಮಡಚಿ, ಮರಳಿ ನನ್ನ ಕೈಗಿಟ್ಟು, "ಒಳ್ಳೆಯ ದಿನ ಎಂದರೆ ಯಾವ ದಿನ, ನೀವೇ ಹೇಳಿ" ಎಂದರು. ನನ್ನ ಹತ್ತಿರ ಉತ್ತರವಿರಲಿಲ್ಲ. ಆ 150 ರೂಪಾಯಿ ಯಾರಿಗೂ ಬರಲಿಲ್ಲ. ಆ ಫಿಟರ್ ಅಣ್ಣ ನನ್ನನ್ನು ಒಂದು ದಿನವೂ ಬಯ್ಯಲಿಲ್ಲ. ಬೈದಿದ್ದರೆ ನನಗೆ ಹಗುರಾಗುತ್ತಿತ್ತು. ಆ ಕಾರ್ಬನ್ ಪ್ರತಿ ಇವತ್ತೂ ನನ್ನ ಟ್ರಂಕಿನಲ್ಲಿದೆ. ನೀಲಿ ಅಕ್ಷರ ಮಾಸಿವೆ, ನನ್ನ ಸಹಿ ಮಾತ್ರ ಕಾಣುತ್ತದೆ.

ಅಮೆರಿಕದ ಪೈಲಟ್‌ಗಳ ಕತೆ ಓದಲು ನಾನು ಶುರು ಮಾಡಿದ್ದು ಈ ಕಾಗದದಿಂದಾಗಿ. 2001ರ ಸೆಪ್ಟೆಂಬರಿನ ದಾಳಿಯ ನಂತರ ಅಲ್ಲಿಯ ದೊಡ್ಡ ದೊಡ್ಡ ವಿಮಾನ ಕಂಪನಿಗಳು ಒಂದಾದ ಮೇಲೊಂದು ದಿವಾಳಿ ಅರ್ಜಿ ಹಾಕಿದವು. 2003ರಲ್ಲಿ ಅಮೆರಿಕನ್ ಏರ್‌ಲೈನ್ಸ್ ದಿವಾಳಿಯ ಬಾಗಿಲಲ್ಲಿ ನಿಂತಾಗ ಅದರ ನೌಕರ ಸಂಘಗಳು ವರ್ಷಕ್ಕೆ ಸುಮಾರು 160 ಕೋಟಿ ಡಾಲರ್ ಬಿಟ್ಟುಕೊಡಲು ಒಪ್ಪಿದವು. ಆ ಒಪ್ಪಂದಕ್ಕೆ ನೌಕರರು ಹಾಕಿದ ಮತಗಳ ಎಣಿಕೆ ಮುಗಿಯುತ್ತಲೇ ಒಂದು ಸಂಗತಿ ಹೊರಬಂತು. ಮೇಲಿನ ಅಧಿಕಾರಿಗಳಿಗೆ ಕಂಪನಿ ಬಿಟ್ಟು ಹೋಗದಿರಲೆಂದು ಬೋನಸ್ಸು, ಕಂಪನಿ ದಿವಾಳಿಯಾದರೂ ಅವರ ಪಿಂಚಣಿಗೆ ಧಕ್ಕೆಯಾಗದಂತೆ ಬೇರೆ ನಿಧಿ. ನೌಕರರು ಸಿಟ್ಟಿಗೆದ್ದರು. ಏಪ್ರಿಲ್ 24ರಂದು ಕಂಪನಿಯ ಮುಖ್ಯಸ್ಥ ಡಾನ್ ಕಾರ್ಟಿ ರಾಜೀನಾಮೆ ಕೊಡಬೇಕಾಯಿತು. ಅಲ್ಲಿಯ ಪೈಲಟ್‌ಗಳು ಪಗಾರ ಬಿಡಲು ಒಪ್ಪಿದವರೇ, ಅದನ್ನು ಗಮನಿಸಿ. ಅವರನ್ನು ಕೆರಳಿಸಿದ್ದು ಹಣವಲ್ಲ, ಮುಚ್ಚಿಟ್ಟ ವಹಿ.

2009ರ ಜನವರಿ 15ರಂದು ನ್ಯೂಯಾರ್ಕಿನಲ್ಲಿ ಹಕ್ಕಿ ಬಡಿದು ಎರಡೂ ಎಂಜಿನ್ ಕೆಟ್ಟ ವಿಮಾನವನ್ನು ಕ್ಯಾಪ್ಟನ್ ಸಲೆನ್‌ಬರ್ಗರ್ ಹಡ್ಸನ್ ನದಿಯ ಮೇಲೆ ಇಳಿಸಿದರು. 155 ಜನರೂ ಉಳಿದರು. ಜಗತ್ತೇ ಅವರನ್ನು ಕೊಂಡಾಡುತ್ತಿದ್ದಾಗ, ಫೆಬ್ರವರಿ 24ರಂದು ಅವರು ಅಲ್ಲಿಯ ಸಂಸತ್ತಿನ ಸಮಿತಿಯ ಮುಂದೆ ಕುಂತು ಹೇಳಿದ್ದು ತಮ್ಮ ಸಾಹಸವನ್ನಲ್ಲ. ತಮ್ಮ ಪಗಾರ ಶೇಕಡಾ 40 ಕಡಿತವಾಗಿದೆ, ಪಿಂಚಣಿ ಹೋಗಿದೆ, ತಮಗೆ ಗೊತ್ತಿರುವ ಯಾವ ಪೈಲಟ್ಟೂ ತನ್ನ ಮಕ್ಕಳು ಈ ಕಸುಬಿಗೆ ಬರಲಿ ಎಂದು ಬಯಸುವುದಿಲ್ಲ ಎಂದರು. ಅದಕ್ಕೆ ಹನ್ನೆರಡು ದಿನ ಮೊದಲು ಬಫಲೋ ಊರಿನ ಹತ್ತಿರ ಕೋಲ್ಗನ್ ಏರ್ ಎಂಬ ಸಣ್ಣ ಕಂಪನಿಯ ವಿಮಾನ ಬಿದ್ದು 50 ಜನ ಸತ್ತಿದ್ದರು. ಮುಖ್ಯ ಕಾರಣ ಕ್ಯಾಪ್ಟನ್ ಕೊಟ್ಟ ತಪ್ಪು ಪ್ರತಿಕ್ರಿಯೆ ಎಂದು ತನಿಖೆ ಹೇಳಿತು, ಪಗಾರವೇ ಕೊಂದಿತು ಎಂದು ನಾನು ಹೇಳಲಾರೆ. ಆದರೆ 24 ವರ್ಷದ ಸಹಪೈಲಟ್ ಹುಡುಗಿ ತಂದೆತಾಯಿಯ ಮನೆಯಲ್ಲೇ ಇದ್ದಳು. ಆ ಕೆಲಸಕ್ಕೆ ಬರಲು ಹಿಂದಿನ ರಾತ್ರಿಯೆಲ್ಲ ದೇಶದ ಒಂದು ತುದಿಯಿಂದ ಇನ್ನೊಂದು ತುದಿಗೆ ಬೇರೆ ವಿಮಾನಗಳಲ್ಲಿ ಕುಂತು ಬಂದಿದ್ದಳು. ಕೆಲಸದ ಊರಿನಲ್ಲಿ ಮನೆ ಮಾಡಲು ಸಾಲದ ಪಗಾರ ಅವಳದು. ಇದು ತನಿಖೆಯಲ್ಲೇ ಹೊರಬಂದ ಸಂಗತಿ. ನಮ್ಮಲ್ಲಿಯೂ ಪೈಲಟ್‌ಗಳ ವಾರದ ವಿಶ್ರಾಂತಿಯನ್ನು 36 ತಾಸಿನಿಂದ 48ಕ್ಕೆ ಏರಿಸಲು ಎಷ್ಟು ವರ್ಷ ಕೋರ್ಟು ಹತ್ತಬೇಕಾಯಿತು ನೋಡಿ. ಮಾತುಕತೆಯ ಮೇಜಿನ ಮೇಲೆ ನಿದ್ದೆಯೂ ಇರುತ್ತದೆ.

ಇಲ್ಲಿ ಯಾರಾದರೂ ಎದ್ದು ಕೇಳಬಹುದು: ಶರಣರ ನಾಡಿನವರು ನಾವು, ಬಸವಕಲ್ಯಾಣ ಇಲ್ಲೇ ಹತ್ತಿರ, ಕಾಯಕ ಎಂದಮೇಲೆ ಕೂಲಿಯ ಚೌಕಾಸಿ ಎಲ್ಲಿಂದ ಬಂತು? ಆಯ್ದಕ್ಕಿ ಲಕ್ಕಮ್ಮ ಗಂಡ ತಂದ ಹೆಚ್ಚಿನ ಅಕ್ಕಿಯನ್ನು ಮರಳಿ ಸುರಿದು ಬಾ ಎಂದಳಲ್ಲ? ಕಾರ್ಖಾನೆಯ ವೇದಿಕೆಗಳಲ್ಲಿ ಈ ಕತೆಯನ್ನು ಎಷ್ಟೋ ಸಲ ಕೇಳಿದ್ದೇನೆ, ಕೇಳಿದಾಗಲೆಲ್ಲ ಹೊಟ್ಟೆ ಉರಿದಿದೆ. ಲಕ್ಕಮ್ಮ ಅಳೆದದ್ದು ತನ್ನ ಮನೆಯ ಅಕ್ಕಿಯನ್ನು. ಸಾಕು ಎಂದವಳು ಅವಳು. ಉಗ್ರಾಣದ ಒಡೆಯನು ಬಂದು "ನಿನಗೆ ಇಷ್ಟು ಸಾಕು" ಎಂದು ಅವಳ ಮಡಿಲಿನಿಂದ ತೆಗೆದುಕೊಳ್ಳಲಿಲ್ಲ. ಆ ತಾಯಿಯ ಸಂಯಮವನ್ನು ಇನ್ನೊಬ್ಬರ ತಟ್ಟೆಗೆ ಅಳತೆಗೋಲು ಮಾಡುವುದು ಅವಳಿಗೆ ಮಾಡುವ ಅಪಚಾರ.

ಹಾಗೆಂದು ಬಿದ್ದ ಕಾಲದಲ್ಲಿ ಪಗಾರ ಬಿಡಲೇಬಾರದು ಎಂದು ನಾನು ಹೇಳುವುದಿಲ್ಲ. ಕಂಪನಿ ಮುಳುಗಿದರೆ ಮೊದಲು ನೀರು ಕುಡಿಯುವವರು ನಾವೇ. ಏರ್ ಇಂಡಿಯಾದ ಪೈಲಟ್‌ಗಳು 2012ರಲ್ಲಿ 58 ದಿನ ಮುಷ್ಕರ ಮಾಡಿ ಕೊನೆಗೆ ದಿಲ್ಲಿ ಹೈಕೋರ್ಟಿನ ಮುಂದೆ ಬರಿಗೈಯಲ್ಲಿ ಕೆಲಸಕ್ಕೆ ಮರಳಿದರು. ನಷ್ಟದಲ್ಲಿ ಮುಳುಗಿದ ಸಂಸ್ಥೆಯಲ್ಲಿ ಮುಷ್ಕರದ ಕತ್ತಿ ಮೊಂಡಾಗಿರುತ್ತದೆ. ನಿಂತ ವಿಮಾನದಿಂದ ಮಾಲೀಕನಿಗೆ ಇಂಧನದ ಖರ್ಚಾದರೂ ಉಳಿಯುತ್ತದೆ. ಆದ್ದರಿಂದ ಬಿಟ್ಟುಕೊಡಿ, ಆದರೆ ದಾನವೆಂದು ಬೇಡ, ಉದ್ರಿ ಎಂದು ಬರೆಸಿ. ಎಷ್ಟು ಎಂಬುದು ಎಲ್ಲ ಕಾಗದದಲ್ಲೂ ಇರುತ್ತದೆ. ಯಾವ ತಾರೀಕಿನವರೆಗೆ, ಮರಳುವುದು ಹಳೆಯ ನೂರಕ್ಕೋ ಕಡಿದ ಎಪ್ಪತ್ತರ ಮೇಲೋ, ಸಾಹೇಬರ ಪಗಾರ ಎಷ್ಟು ಇಳಿಯಿತು, ವಹಿಯನ್ನು ನಮ್ಮ ಕಡೆಯ ಯಾರು ನೋಡಬಹುದು, ಇವು ಇರುವುದಿಲ್ಲ. "ಒಳ್ಳೆಯ ದಿನ" ಎಂದಿದ್ದರೆ ಅದನ್ನು ಅಂಕಿಯಲ್ಲಿ ಬರೆಸಿ. ಇಷ್ಟು ಮಾಲು ಹೋದರೆ, ಇಷ್ಟು ಲಾಭ ಬಂದರೆ ಎಂದು.

ಕಾನೂನಿನ ಮಾತು ಚುಟುಕಾಗಿ ಹೇಳುತ್ತೇನೆ. 1947ರ ಕೈಗಾರಿಕಾ ವಿವಾದ ಕಾಯ್ದೆಯ 9ಎ ಕಲಂ ಪ್ರಕಾರ 21 ದಿನದ ನೋಟಿಸು ಕೊಡದೆ ಕಾರ್ಮಿಕರಿಗೆ ನಷ್ಟವಾಗುವಂತೆ ಪಗಾರ ಬದಲಿಸುವಂತಿರಲಿಲ್ಲ. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಕೈಗಾರಿಕಾ ಸಂಬಂಧಗಳ ಸಂಹಿತೆಯಲ್ಲೂ ಆ 21 ದಿನ ಉಳಿದಿದೆ. ಆದರೆ ಅದೇ ಸಂಹಿತೆಯಲ್ಲಿ ಅರ್ಧಕ್ಕರ್ಧ ಜನ ಮಾತಾಡಿಕೊಂಡು ಒಂದೇ ದಿನ ಸಾಂದರ್ಭಿಕ ರಜೆ ಹಾಕಿದರೆ ಅದೂ ಮುಷ್ಕರವೇ, ಮುಷ್ಕರಕ್ಕೆ ಎಲ್ಲ ಕಾರ್ಖಾನೆಗಳಲ್ಲೂ 14 ದಿನದ ನೋಟಿಸು ಬೇಕು. ಎದ್ದು ಹೋಗುವ ದಾರಿ ಹೀಗೆ ಕಿರಿದಾದಾಗ, ಕುಂತು ಬರೆಸುವ ಕಾಗದದ ಬೆಲೆ ಹೆಚ್ಚುತ್ತದೆ.

ಹೋದ ವಾರ ಇದೇ ಕೈಗಾರಿಕಾ ಪ್ರದೇಶದ ಇಬ್ಬರು ಹುಡುಗರು ನನ್ನ ಮನೆಗೆ ಬಂದಿದ್ದರು. ಅವರೀಗ ಈ ಸಭೆಯಲ್ಲಿ ಹಿಂದಿನ ಸಾಲಿನಲ್ಲಿ ಕುಂತಿದ್ದಾರೆ. ಅವರ ಕೈಯಲ್ಲಿ ಎರಡು ಪುಟದ ಕರಾರಿನ ಕರಡು ಇತ್ತು, ಆರ್ಡರು ಕಡಿಮೆಯಾಗಿದೆ, ಓಟಿ ಬಂದ್, ಭತ್ಯೆಯಲ್ಲಿ ಇಷ್ಟು ಕಡಿತ ಎಂದು. ಸಹಿ ಮಾಡಬಹುದೇ ಸರ್ ಎಂದು ಕೇಳಿದರು. ನಾನು ಕನ್ನಡಕ ಹಾಕಿಕೊಂಡು ಎರಡೂ ಪುಟ ಓದಿದೆ. ಓದಿ, ಒಳಗೆ ಹೋಗಿ ಟ್ರಂಕಿನಿಂದ ಆ ಹಳೆಯ ಕಾರ್ಬನ್ ಪ್ರತಿ ತಂದು ಅದರ ಪಕ್ಕಕ್ಕಿಟ್ಟೆ. ಅವರೇ ಒಂದೊಂದು ಸಾಲಿಗೂ ಬೆರಳಿಟ್ಟು ಹುಡುಕಿದರು. ಎರಡರಲ್ಲೂ ಮರಳಿ ಕೊಡುವ ತಾರೀಕಿಲ್ಲ. ಸೋಮವಾರ ಹನ್ನೊಂದು ಗಂಟೆಗೆ ಅವರ ಮಾತುಕತೆ ಇದೆ. ನನ್ನನ್ನೂ ಕರೆದಿದ್ದಾರೆ. ಬರುತ್ತೇನೆಂದು ಹೇಳಿದ್ದೇನೆ.